ಜ್ವಾಲಾಮುಖಿ ಅಡಿಯಿಂದ ಕಾಡಿನ ಹಳ್ಳಕ್ಕೆ ಬರೋ ನೀರು: ಪದೇ ಪದೇ ಕೇಳೋ ಪ್ರಶ್ನೆಗಳು

ಕೋಸ್ಟರಿಕಾದ ಲಾ ಸೆಲ್ವಾ ಕಾಡಿನ ಹಳ್ಳಗಳ ವಿಷ್ಯ ಎತ್ತಿದಾಗೆಲ್ಲ ಜನ ಹೆಚ್ಚೂಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ. ಮಾತಲ್ಲಿ ಕೇಳಿದ್ದು, ಬರೆದು ಕಳಿಸಿದ್ದು ಎಲ್ಲಾ ಒಂದು ಕಡೆ ಸೇರಿಸಿದೀನಿ, ಅವರು ಕೇಳಿದ ಮಾತಲ್ಲೇ ಇಟ್ಟಿದೀನಿ. ಸುಲಭದ್ದು ಮೊದಲು, ತಲೆ ಕೆಡಿಸೋವು ಆಮೇಲೆ. ಪೂರ್ತಿ ಓದ್ಲೇಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಿದ್ರೂ ಅರ್ಥ ಆಗತ್ತೆ.

## ಮೊದ್ಲು ಇಲ್ಲಿಂದ

ಜಿಯೋಥರ್ಮಲ್ ಅಂತರ್ಜಲ ಅಂದ್ರೆ ಬಿಸಿನೀರಿನ ಬುಗ್ಗೆ ತಾನೇ? ಕೈ ಇಟ್ರೆ ಸುಡತ್ತಾ?

ಇಲ್ಲ, ಸುಡಲ್ಲ. ಎಲ್ಲರೂ ಎಡವೋದೇ ಇಲ್ಲಿ. ಲಾ ಸೆಲ್ವಾದಲ್ಲಿ ನೆಲದಿಂದ ಹೊರಗೆ ಬರೋ ಈ ನೀರು ಸುತ್ತಮುತ್ತಲ ನೀರಿನಷ್ಟೇ ತಣ್ಣಗಿರತ್ತೆ, ಪಕ್ಕದಲ್ಲೇ ನಡ್ಕೊಂಡು ಹೋದ್ರೂ ನಿಮಗೆ ಏನೂ ಗೊತ್ತಾಗಲ್ಲ. ಜ್ವಾಲಾಮುಖಿಯ ಕೆಳಗೆ ಹಾದು ಬರುವಾಗ ಅಲ್ಲಿನ ಗ್ಯಾಸು ಅದ್ರಲ್ಲಿ ಸೇರಿ, ಬಂಡೆ ಕರಗಿ, ನೀರಿನ ಗುಣವೇ ಬದಲಾಗಿರತ್ತೆ, ಆಮೇಲೆ ಎಷ್ಟೋ ದೂರ ಹರಿದು ಬರೋಷ್ಟರಲ್ಲಿ ಬಿಸಿ ಆರಿಹೋಗಿರತ್ತೆ ಆದ್ರೆ ಕರಗಿದ್ದು ಕರಗಿದ ಹಾಗೇ ಉಳಿದಿರತ್ತೆ. ಅದಕ್ಕೇ ಅಲ್ಲಿನ ವಿಜ್ಞಾನಿಗಳು ಇದನ್ನ ಬರೀ ಬಿಸಿನೀರು ಅನ್ನದೆ 'ಭೂಶಾಖದಿಂದ ಮಾರ್ಪಾಟಾದ ನೀರು' ಅನ್ನೋ ಅರ್ಥದಲ್ಲಿ ಕರೀತಾರೆ.

ಈ ಲಾ ಸೆಲ್ವಾ ಎಲ್ಲಿದೆ? ಅದನ್ನೇ ಯಾಕೆ ಆರಿಸ್ಕೊಂಡ್ರಿ?

ಕೋಸ್ಟರಿಕಾದ ಕೆರಿಬಿಯನ್ ಕಡೆಯ ತಗ್ಗು ಪ್ರದೇಶದಲ್ಲಿ, ಪ್ವೆರ್ತೊ ವಿಯೆಹೊ ಅನ್ನೋ ಊರಿನ ಹತ್ರ, ಎರಡು ಹೊಳೆ ಕೂಡೋ ಜಾಗದಲ್ಲಿರೋ ಸಂಶೋಧನಾ ಕೇಂದ್ರ ಇದು. ಸುಮಾರು 1600 ಹೆಕ್ಟೇರು ಕಾಡು. 1968ರಿಂದ ಉಷ್ಣವಲಯ ಅಧ್ಯಯನ ಸಂಸ್ಥೆಯೊಂದರ ಕೈಲಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಗೆ ಹೋಲಿಸಿದ್ರೆ ಕಮ್ಮಿನೇ, ಆದ್ರೆ ಅಲ್ಲಿ ನಮ್ಮ ಹಾಗೆ ನಾಕೈದು ತಿಂಗಳಲ್ಲಿ ಸುರಿದು ಮುಗಿಯಲ್ಲ, ವರ್ಷ ಪೂರ್ತಿ ಹಂಚಿಕೊಂಡು ಬೀಳತ್ತೆ.

ದಕ್ಷಿಣಕ್ಕೆ ಬಾರ್ವಾ ಜ್ವಾಲಾಮುಖಿ ಇದೆ, 2906 ಮೀಟರ್ ಎತ್ತರ. ಅಲ್ಲಿಂದ ಲಾ ಸೆಲ್ವಾಗೆ 30 ಕಿಲೋಮೀಟರಿಗಿಂತ ಜಾಸ್ತಿ ದೂರ, ಇಳಿಜಾರು ಪೂರ್ತಿ ಕಾಡೇ. ಲಾ ಸೆಲ್ವಾ ಇರೋದು ಆ ಬೆಟ್ಟದ ಪಾದ ಮುಗಿದು ಬಯಲು ಶುರುವಾಗೋ ಕಡೆ, ಸಮುದ್ರ ಮಟ್ಟದಿಂದ 35ರಿಂದ 137 ಮೀಟರ್ ಎತ್ತರದಲ್ಲಿ. 1980ರ ದಶಕದಿಂದ ಕ್ಯಾಥರೀನ್ ಪ್ರಿಂಗಲ್, ಫ್ರಾಂಕ್ ಟ್ರಿಸ್ಕಾ ಮತ್ತೆ ಅವರ ಜೊತೆಗಾರರು ಇಲ್ಲಿನ ಹಳ್ಳಗಳ ನೀರು ಅಳೀತಾ ಬಂದ್ರು. ಇಷ್ಟು ವರ್ಷ ಬಿಡದೆ ಅಳತೆ ಮಾಡಿರೋ ಉಷ್ಣವಲಯದ ಹಳ್ಳಗಳು ತೀರಾ ಕಮ್ಮಿ, ನಾನು ಈ ಜಾಗ ಹಿಡ್ಕೊಂಡಿರೋದು ಅದಕ್ಕೇ.

ಪಕ್ಕಪಕ್ಕದ ಎರಡು ಹಳ್ಳ, ಅದೇ ಕಾಡು, ಅದೇ ಮಳೆ. ನೀರು ಮಾತ್ರ ಬೇರೆ ಬೇರೆ ಹೇಗಾಗತ್ತೆ ಹೇಳಿ?

ಒಳ್ಳೆ ಪ್ರಶ್ನೆ, ನನ್ನನ್ನ ಈ ವಿಷ್ಯಕ್ಕೆ ಎಳೆದಿದ್ದೂ ಇದೇ. ಲಾ ಸೆಲ್ವಾದಲ್ಲಿ ಅರ್ಬೊಲೆಡಾ, ತಕೊನಾಸೊ ಅಂತ ಎರಡು ಹಳ್ಳ ಇವೆ, ಅಕ್ಕಪಕ್ಕ. ಮೇಲಿಂದ ನೋಡಿದ್ರೆ ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ತಕೊನಾಸೊದಲ್ಲಿ ಹರಿಯೋದು ಅದರದೇ ಗುಡ್ಡದ ಮೇಲೆ ಬಿದ್ದ ಮಳೆ ನೀರು. ಅರ್ಬೊಲೆಡಾಗೆ ಮಳೆ ನೀರಿನ ಜೊತೆಗೆ ಅಡಿಯಿಂದ ಇನ್ನೊಂದು ನೀರು ಬಂದು ಸೇರತ್ತೆ. ಆ ನೀರು ಬೀಳೋದು ದೂರದ ಎತ್ತರದಲ್ಲಿ, ನಡುವೆ ಸಿಗೋ ಗುಡ್ಡ, ದಿಣ್ಣೆ, ಬೇರೆ ಹಳ್ಳಗಳ ಅಡಿಯಲ್ಲೇ ನುಸುಳಿಕೊಂಡು ಬಂದು ಇಲ್ಲಿ ಮೇಲೇಳತ್ತೆ.

ಅಮೆರಿಕದ ಡೇವಿಡ್ ಜೆನೆರೂ ತಂಡ ಅರ್ಬೊಲೆಡಾ ಜಲಾನಯನಕ್ಕೆ ಬರೋ ನೀರಿನ ಲೆಕ್ಕ ಹಾಕಿದಾಗ ಮೂರರಲ್ಲಿ ಸುಮಾರು ಎರಡು ಪಾಲು ಈ ದೂರದ ಅಂತರ್ಜಲ ಅಂತ ಗೊತ್ತಾಯ್ತು. ಅಂದ್ರೆ ಅಷ್ಟು ಮಳೆ ಬೀಳೋ ಕಾಡಲ್ಲೂ ಆ ಹಳ್ಳಕ್ಕೆ ಮಳೆಗಿಂತ ನೆಲದಡಿಯ ನೀರೇ ದೊಡ್ಡ ಪಾಲು. ಮ್ಯಾಪಲ್ಲಿ ನಾವು ದಿಣ್ಣೆ ಮೇಲೆ ಗೆರೆ ಎಳೆದು ಈ ಕಡೆ ಬಿದ್ದ ನೀರು ಈ ಹಳ್ಳದ್ದು, ಆ ಕಡೆದು ಆ ಹಳ್ಳದ್ದು ಅಂತೀವಲ್ಲ, ಆ ಗೆರೆ ನೆಲದಡಿ ನಡೆಯಲ್ಲ.

ಪೋಷಕಾಂಶ ಪೋಷಕಾಂಶ ಅಂತೀರಲ್ಲ, ಯಾವುದರ ಬಗ್ಗೆ ಹೇಳ್ತಿರೋದು?

ಮುಖ್ಯವಾಗಿ ಎರಡು, ಸಾರಜನಕ ಮತ್ತೆ ರಂಜಕ. ರೈತರಿಗೆ ಹೇಳ್ಬೇಕಾಗೇ ಇಲ್ಲ, ಯೂರಿಯಾ ಹಾಕೋದು ಒಂದಕ್ಕೆ, ಡಿಎಪಿ ಹಾಕೋದು ಎರಡಕ್ಕೂ. ಗದ್ದೆಗೆ ಬೇಕಾದ್ದೇ ಹಳ್ಳದಲ್ಲಿರೋ ಪಾಚಿ, ಬೂಷ್ಟು, ಬ್ಯಾಕ್ಟೀರಿಯಾ, ಹುಳಹುಪ್ಪಟೆಗೂ ಬೇಕು. ಇಲ್ಲಿ ಕತೆಯ ನಾಯಕ ರಂಜಕ, ಫಾಸ್ಫರಸ್ ಅಂತೀವಲ್ಲ ಅದು.

ಲಾ ಸೆಲ್ವಾದ ಮಣ್ಣು ಹಳೇ ಲಾವಾ ಮಳೆಗೆ ಸಿಕ್ಕಿ ಕೊಳೆತು ಆಗಿರೋ ಕೆಂಪು ಮಣ್ಣು, ಅದರಲ್ಲಿ ಕಬ್ಬಿಣ ಅಲ್ಯೂಮಿನಿಯಂ ಜಾಸ್ತಿ, ರಂಜಕ ಸಿಕ್ಕಿದ್ರೆ ಗಟ್ಟಿಯಾಗಿ ಹಿಡ್ಕೊಂಡು ಬಿಡೋದೇ ಇಲ್ಲ. ಹಾಗಾಗಿ ಬರೀ ಮಳೆ ನೀರಿನ ಹಳ್ಳದಲ್ಲಿ ಲೀಟರಿಗೆ ಐದಾರು ಮೈಕ್ರೋಗ್ರಾಂ ಕರಗಿದ ರಂಜಕ ಇರಬಹುದು ಅಷ್ಟೇ. ಅಡಿಯಿಂದ ಮೇಲೇಳೋ ಆ ಒರತೆ ನೀರು ಸೇರೋ ಹಳ್ಳಗಳಲ್ಲಿ ಅದು 350ರ ತನಕ ಹೋಗತ್ತೆ. ಅರ್ಧ ಗಂಟೆ ನಡೆದ್ರೆ ಮುಗಿಯೋ ದೂರದಲ್ಲಿ ಅಷ್ಟು ವ್ಯತ್ಯಾಸ.

ರಂಜಕ ಜಾಸ್ತಿ ಇದೆ ಅಂದ್ರೆ ನೀರು ಕೊಳಕಾಗಿದೆ ಅಂತ ಅಲ್ವಾ?

ನಮ್ಮ ಊರುಗಳಲ್ಲಿ ಹೆಚ್ಚಿನ ಸಲ ಹೌದು. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ನೋಡಿದವರಿಗೆ ರಂಜಕ ಅಂದ ಕೂಡ್ಲೇ ಚರಂಡಿ ನೀರು, ಡಿಟರ್ಜೆಂಟು ನೆನಪಾಗೋದು ಸಹಜ. ಆದ್ರೆ ಲಾ ಸೆಲ್ವಾದ ಈ ಹಳ್ಳಗಳ ಮೇಲ್ಗಡೆ ಊರಿಲ್ಲ, ಗದ್ದೆ ಇಲ್ಲ, ಚರಂಡಿ ಇಲ್ಲ. ಮುನ್ನೂರು ಮೈಕ್ರೋಗ್ರಾಂ ರಂಜಕ ಇರೋ ಆ ನೀರು ಕನ್ನಡಿ ಹಾಗೆ ತಿಳಿಯಾಗಿರತ್ತೆ, ಅದು ಸಾವಿರಾರು ವರ್ಷದಿಂದ ಹಾಗೇ ಇರೋದು. ಲ್ಯಾಬ್ ರಿಪೋರ್ಟಲ್ಲಿ ಬರೀ ಒಂದು ಅಂಕಿ ನೋಡಿ ಈ ಹಳ್ಳ ಹಾಳಾಗಿದೆ, ಆ ಹಳ್ಳ ಚೆನ್ನಾಗಿದೆ ಅಂತ ತೀರ್ಪು ಕೊಡೋದು ತಪ್ಪು, ನೀರು ಎಲ್ಲಿಂದ ಬಂತು ಅಂತ ಮೊದಲು ಕೇಳ್ಬೇಕು. ನಾನು ಈ ಎಲ್ಲಾ ಉತ್ತರ ಬರೀತಿರೋದೇ ಈ ಒಂದು ಮಾತಿಗೋಸ್ಕರ ಅಂತಿಟ್ಕೊಳಿ.

ಹಳ್ಳದ ಹತ್ರ ನಿಂತು ನೋಡಿದ್ರೆ ಇದು ಯಾವ ನೀರು ಅಂತ ಗೊತ್ತಾಗತ್ತಾ?

ಕಣ್ಣಿಗೆ ಗೊತ್ತಾಗಲ್ಲ. ಒಂದು ಕಂಡಕ್ಟಿವಿಟಿ ಮೀಟರ್ ಇದ್ರೆ ಸಾಕು, ನೀರಲ್ಲಿ ಉಪ್ಪಿನಂಶ ಎಷ್ಟಿದೆ ಅಂತ ಒಂದು ನಿಮಿಷದಲ್ಲಿ ಹೇಳತ್ತೆ. ಎಲ್ ಸಾಲ್ತೊ ಅನ್ನೋ ಹಳ್ಳದಲ್ಲಿ ಕೆಳಗಿಂದ ಮೇಲಕ್ಕೆ ಮೀಟರ್ ಅದ್ದುತ್ತಾ ಹೋದ್ರೆ ಒರತೆ ಇರೋ ಜಾಗ ದಾಟಿದ ಮೇಲೆ ಅಂಕಿ ದಬಕ್ಕನೆ ಬಿದ್ದುಹೋಗತ್ತೆ.

## ಸ್ವಲ್ಪ ಒಳಗೆ ಹೋಗೋಣ

ರಂಜಕ ಎಲ್ಲಿಂದ ಬರತ್ತೆ? ಲಾವಾ ಕರಗಿ ನೀರಿಗೆ ಸೇರತ್ತಾ?

ಬಿಸಿ ಲಾವಾ ಇದರಲ್ಲಿ ನೇರವಾಗಿ ಬರಲ್ಲ. ಕೆಲಸ ಮಾಡೋದು ಗ್ಯಾಸು. ಜ್ವಾಲಾಮುಖಿ ಹೊರಗಡೆ ಸುಮ್ನೆ ಮಲಗಿದ ಹಾಗೆ ಕಂಡ್ರೂ ಆಳದಿಂದ ಕಾರ್ಬನ್ ಡೈಆಕ್ಸೈಡ್ ಮೇಲಕ್ಕೆ ಬರ್ತಾನೇ ಇರತ್ತೆ. ಆ ಗ್ಯಾಸು ಅಂತರ್ಜಲದಲ್ಲಿ ಕರಗಿದ್ರೆ ಏನಾಗತ್ತೆ? ಸೋಡಾ ಆಗತ್ತೆ. ನಿಜವಾಗ್ಲೂ, ಗೋಲಿ ಸೋಡಾದಲ್ಲಿರೋದೂ ಅದೇ ಕಾರ್ಬಾನಿಕ್ ಆಮ್ಲ. ಈ ಸೌಮ್ಯ ಹುಳಿ ನೀರು ಬಸಾಲ್ಟ್ ಥರದ ಬಂಡೆಗಳ ಸಂದಿಯಲ್ಲಿ ನಿಧಾನಕ್ಕೆ ಹರೀತಾ ಹರೀತಾ ಬಂಡೆನ ಕರಗಿಸತ್ತೆ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ಎಲ್ಲ ನೀರಿಗೆ ಬರ್ತವೆ. ಜ್ವಾಲಾಮುಖಿ ಬಂಡೇಲಿ ಅಪಟೈಟ್ ಅನ್ನೋ ಖನಿಜ ಸಣ್ಣ ಸಣ್ಣ ಹರಳಾಗಿ ಇರತ್ತೆ, ಅದು ಕ್ಯಾಲ್ಸಿಯಂ ಫಾಸ್ಫೇಟು, ನಮ್ಮ ಮೂಳೆ ಹಲ್ಲಲ್ಲಿರೋ ವಸ್ತುವಿನ ಸಂಬಂಧಿ. ಅದು ಕರಗಿದಾಗ ರಂಜಕ ಹೊರಗೆ ಬರತ್ತೆ.

ಬಂಡೆ ಕರಗಿಸ್ತಾ ಕರಗಿಸ್ತಾ ಆಮ್ಲ ಖರ್ಚಾಗಿ ಬೈಕಾರ್ಬೊನೇಟ್ ಆಗಿ ಬದಲಾಗತ್ತೆ. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸಿದ್ರೆ ಗೀಸರಿಗೆ ಬಿಳಿ ಪದರ ಕಟ್ಟತ್ತಲ್ಲ, ಅದಕ್ಕೆ ಕಾರಣ ಆಗೋ ಬೈಕಾರ್ಬೊನೇಟೇ ಇದೂನೂ. ಲಾ ಸೆಲ್ವಾ ಒರತೆ ನೀರಲ್ಲಿ ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಈ ಮೂರು ಎದ್ದು ಕಾಣತ್ತೆ, ಜೊತೆಗೆ ರಂಜಕ.

ಬಂಡೆ ಕರಗಿದ್ರೆ ಸಾರಜನಕನೂ ಜಾಸ್ತಿ ಆಗ್ಬೇಕಿತ್ತಲ್ಲ?

ಆಗಲ್ಲ, ಯಾಕಂದ್ರೆ ಈ ಥರದ ಬಂಡೆಯಲ್ಲಿ ಸಾರಜನಕ ಇರೋದೇ ಇಲ್ಲ ಅನ್ನೋಷ್ಟು ಕಮ್ಮಿ. ಸಾರಜನಕ ಬರೋದು ಗಾಳಿಯಿಂದ, ಜೀವಿಗಳ ಮೂಲಕ. ಲಾ ಸೆಲ್ವಾ ಕಾಡಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋ ದೊಡ್ಡ ಮರ ಪೆಂಟಾಕ್ಲೆತ್ರಾ ಅಂತ, ಅದು ನಮ್ಮ ಹೊಂಗೆ ಹುಣಸೆ ಸೇರೋ ದ್ವಿದಳ ಕುಟುಂಬದ್ದೇ, ಬೇರಿನ ಗಂಟಲ್ಲಿ ಗಾಳಿಯ ಸಾರಜನಕ ಹಿಡಿಯತ್ತೆ. ಹಾಗಾಗಿ ಆ ಕಾಡಿನ ಎಲ್ಲಾ ಹಳ್ಳಗಳಲ್ಲೂ ನೈಟ್ರೇಟ್ ತಕ್ಕಮಟ್ಟಿಗೆ ಇರತ್ತೆ, ಒರತೆ ಇರಲಿ ಬಿಡಲಿ. ಹಳ್ಳದಿಂದ ಹಳ್ಳಕ್ಕೆ ಬದಲಾಗೋದು ರಂಜಕ, ಅದರ ಜೊತೆ ಎರಡರ ಪ್ರಮಾಣ. ಮಳೆ ನೀರಿನ ಹಳ್ಳದಲ್ಲಿ ರಂಜಕದ ಬರ, ಒರತೆ ಹಳ್ಳದಲ್ಲಿ ರಂಜಕ ಬೇಕಾದಷ್ಟು, ಅಲ್ಲಿ ಏನಾದ್ರೂ ಕಮ್ಮಿ ಬಿದ್ರೆ ಅದು ಸಾರಜನಕ ಇಲ್ಲಾ ಬೆಳಕು.

ಒರತೆಗಳು ಗುಡ್ಡದ ಮೇಲೆ ಬರಲ್ಲ, ಬಯಲಲ್ಲೂ ಬರಲ್ಲ, ಸರಿಯಾಗಿ ಲಾ ಸೆಲ್ವಾದಲ್ಲೇ ಯಾಕೆ?

ಇಳಿಜಾರು ಮುರಿಯೋ ಜಾಗ ಅದು. ಬೆಟ್ಟದ ಒಳಗೆ ಲಾವಾ ಪದರಗಳು ಓರೆಯಾಗಿ ಕೆಳಗೆ ಇಳಿದಿರ್ತವೆ, ನೀರು ಆ ಪದರಗಳ ಬಿರುಕು ಹಿಡಿದು ಒತ್ತಡದಲ್ಲಿ ಕೆಳಗೆ ಬರತ್ತೆ. ಇಳಿಜಾರು ಮುಗಿದು ನೆಲ ಚಪ್ಪಟೆಯಾಗೋ ಕಡೆ, ಲಾ ಸೆಲ್ವಾದಲ್ಲಿ ಸುಮಾರು 35ರಿಂದ 50 ಮೀಟರ್ ಎತ್ತರದಲ್ಲಿ, ಮುಂದೆ ಹೋಗೋಕೆ ದಾರಿ ಸಾಲದೆ ಮೇಲಕ್ಕೆ ಬರತ್ತೆ. ಮಲೆನಾಡಲ್ಲಿ ಗುಡ್ಡದ ಬುಡದಲ್ಲಿ ಒರತೆ ಸಿಗೋದೂ ಇದೇ ಥರ, ತೋಟದ ಮೇಲ್ಗಡೆ ಎಲ್ಲೋ ಇಂಗಿದ ನೀರು ಕೆಳಗೆ ಅಬ್ಬಿಯಾಗಿ ಬರತ್ತೆ. ಇಲ್ಲಿ ಬೆಟ್ಟ ದೊಡ್ಡದು, ದಾರಿ ಉದ್ದ.

ಇದರಿಂದ ಒಂದು ವಿಚಿತ್ರ ಆಗತ್ತೆ. ಹೊಳೆ ಅಂದ್ರೆ ಮೇಲಿಂದ ಕೆಳಕ್ಕೆ ಎಲ್ಲಾ ನಿಧಾನಕ್ಕೆ ಬದಲಾಗತ್ತೆ ಅಂತ ನಾವು ಓದಿರೋದು. ಇಲ್ಲಿ ಹಳ್ಳ ಹಾಗೇ ಹರೀತಾ ಇರತ್ತೆ, ಒರತೆ ಸೇರಿದ ಕೂಡ್ಲೇ ಬೇರೆ ಹಳ್ಳನೇ ಆಗಿಬಿಡತ್ತೆ. ಪ್ರಿಂಗಲ್ 1991ರಲ್ಲೇ ಇದನ್ನ ರಾಸಾಯನಿಕ ತುಂಡರಿಕೆ ಅನ್ನೋ ಹಾಗೆ ವಿವರಿಸಿದ್ರು.

ಆ ನೀರು ಎಷ್ಟು ಹಳೇದು?

2400ರಿಂದ 4000 ವರ್ಷ. ಮಸ್ಕಿಯಲ್ಲಿ ಅಶೋಕನ ಶಾಸನ ಕೆತ್ತೋಕೂ ಮುಂಚೆ ಬಿದ್ದ ಮಳೆ ಇವತ್ತು ಲಾ ಸೆಲ್ವಾದ ಒರತೇಲಿ ಹೊರಗೆ ಬರ್ತಿದೆ. ಪಕ್ಕದ ಮಳೆ ನೀರಿನ ಹಳ್ಳದ್ದು ಬಿದ್ದು ಕೆಲವೇ ವರ್ಷ ಆಗಿರತ್ತೆ.

ವಯಸ್ಸು ಹೇಗೆ ಕಂಡುಹಿಡೀತಾರೆ ಅಂತ ಮುಂದಿನ ಪ್ರಶ್ನೆ ಬಂದೇ ಬರತ್ತೆ. ನೀರಲ್ಲಿ ಕರಗಿರೋ ಇಂಗಾಲದಲ್ಲಿ ಕಾಲ ಕಳೆದ ಹಾಗೆ ತಾನಾಗೇ ಕಮ್ಮಿಯಾಗ್ತಾ ಹೋಗೋ ಕಾರ್ಬನ್ 14 ಎಷ್ಟು ಉಳಿದಿದೆ ನೋಡ್ತಾರೆ, ಆದ್ರೆ ಇಲ್ಲಿ ಒಂದು ಮೋಸ ಇದೆ. ಜ್ವಾಲಾಮುಖಿಯಿಂದ ಬಂದ ಗ್ಯಾಸಲ್ಲಿ ಕಾರ್ಬನ್ 14 ಇರೋದೇ ಇಲ್ಲ, ಅದು ಬೆರೆತ್ರೆ ನೀರು ಇರೋದಕ್ಕಿಂತ ತುಂಬಾ ಹಳೇದಾಗಿ ಕಾಣತ್ತೆ. ಅದಕ್ಕೆ ಕಾರ್ಬನ್ 13, ಹೀಲಿಯಂ ಎಲ್ಲಾ ಅಳೆದು ಎಷ್ಟು ಪಾಲು ಜ್ವಾಲಾಮುಖಿ ಇಂಗಾಲ ಅಂತ ಬೇರ್ಪಡಿಸಿ, ಅದನ್ನ ಕಳೆದು ಆಮೇಲೆ ವಯಸ್ಸು ಲೆಕ್ಕ ಹಾಕಿದಾರೆ. ಮೇಲೆ ಹೇಳಿದ ಅಂಕಿ ಹಾಗೆ ತಿದ್ದಿದ ಮೇಲಿಂದು.

ಅಷ್ಟು ಗೊಬ್ಬರ ಸಿಕ್ಕಿದ್ರೆ ಪಾಚಿ ಕಟ್ಟಿ ಹಳ್ಳ ಪೂರ್ತಿ ಹಸಿರಾಗ್ಬೇಕಲ್ವಾ?

ಬಿಸಿಲಲ್ಲಿ ಬಿದ್ದಿರೋ ಕೆರೆ ಆಗಿದ್ರೆ ಆಗ್ತಿತ್ತೇನೋ. ಈ ಹಳ್ಳಗಳ ಮೇಲೆ ಕಾಡಿನ ಚಪ್ಪರ ಇದೆ, ನೆಲಕ್ಕೆ ಬೀಳೋ ಬೆಳಕು ತೀರಾ ಕಮ್ಮಿ. ಗೊಬ್ಬರ ಎಷ್ಟು ಹಾಕಿದ್ರೂ ನೆರಳಲ್ಲಿ ಬೆಳೆ ಏಳಲ್ಲ ಅಂತ ತೋಟ ಮಾಡೋರಿಗೆ ಗೊತ್ತು. ಮರ ಬಿದ್ದು ಮೇಲೆ ಕಿಂಡಿ ಆದ ಕಡೆ ಮಾತ್ರ ಪಾಚಿಗೆ ಅವಕಾಶ.

ಹಾಗಾದ್ರೆ ಈ ರಂಜಕ ಯಾರಿಗೆ ಉಪಯೋಗ?

ಎಲೆ ಕೊಳೆಸೋರಿಗೆ. ನೆರಳಿನ ಹಳ್ಳದ ಅನ್ನ ಅಂದ್ರೆ ಮೇಲಿಂದ ಉದುರೋ ತರಗೆಲೆ. ಎಲೆ ನೀರಿಗೆ ಬಿದ್ದ ಮೇಲೆ ಅದರ ಮೇಲೆ ಬೂಷ್ಟು, ಬ್ಯಾಕ್ಟೀರಿಯಾ ಕೂತು ಮೆತ್ತಗೆ ಮಾಡ್ತವೆ, ಆಮೇಲೆ ಹುಳಗಳು ಬಂದು ಎಲೆ ಜೊತೆ ಬೂಷ್ಟನ್ನೂ ಸೇರಿಸಿ ತಿಂತವೆ. ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ, ಬೆಣ್ಣೆ ಇದ್ರೇನೆ ತಿನ್ನೋಕೆ ರುಚಿ, ಸತ್ವ. ಎಲೆಯಲ್ಲಿ ಇಂಗಾಲ ದಂಡಿಯಾಗಿದೆ, ರಂಜಕ ಇಲ್ಲ. ಆ ಕೊರತೆಯನ್ನ ಬೂಷ್ಟು ಹರಿಯೋ ನೀರಿಂದ ತುಂಬಿಕೊಳ್ಳತ್ತೆ.

ಏಮಿ ರೋಸ್‌ಮಂಡ್, ಪ್ರಿಂಗಲ್ ಮತ್ತೆ ಜೊತೆಗಾರರು ಒಂದು ಜಾತಿ ಅತ್ತಿ ಮರದ ಎಲೆ ತಗೊಂಡು ರಂಜಕ ಬೇರೆ ಬೇರೆ ಮಟ್ಟದಲ್ಲಿರೋ ಹಳ್ಳಗಳಲ್ಲಿ ಬಿಟ್ಟು ನೋಡಿದ್ರು, 2002ರಲ್ಲಿ ಪ್ರಕಟ ಆಯ್ತು. ರಂಜಕ ಜಾಸ್ತಿ ಇದ್ದ ಕಡೆ ಎಲೆ ಬೇಗ ಕೊಳೀತು, ಹುಳಗಳೂ ಜಾಸ್ತಿ ಸೇರಿದ್ವು. ಆದ್ರೆ ನಂಗೆ ತುಂಬಾ ಮುಖ್ಯ ಅನ್ಸಿದ್ದು ಬೇರೆ. ಈ ಏರಿಕೆ ಕೊನೇ ತನಕ ಹೋಗಲ್ಲ, ಲೀಟರಿಗೆ ಹತ್ತು ಮೈಕ್ರೋಗ್ರಾಂ ಆಸುಪಾಸಿಗೇ ಅರ್ಧ ಪರಿಣಾಮ ಬಂದುಬಿಡತ್ತೆ, ಆಮೇಲೆ ಇನ್ನೂರು ಇರಲಿ ಮುನ್ನೂರು ಇರಲಿ ದೊಡ್ಡ ವ್ಯತ್ಯಾಸ ಇಲ್ಲ. ಹಸಿದವನಿಗೆ ಮೊದಲ ಎರಡು ಮುದ್ದೆ ಮಾಡೋ ಕೆಲಸ ಹತ್ತನೇ ಮುದ್ದೆ ಮಾಡಲ್ಲವಲ್ಲ, ಹಾಗೆ. ಹಾಗಾಗಿ ರಂಜಕ ಇಲ್ಲದ ಶುದ್ಧ ಹಳ್ಳಕ್ಕೆ ತೋಟದಿಂದ ಸ್ವಲ್ಪ ಗೊಬ್ಬರದ ನೀರು ಬಂದ್ರೂ ಏಟು ಜೋರಾಗಿ ಬೀಳತ್ತೆ, ಒರತೆ ಹಳ್ಳಕ್ಕೆ ಅಷ್ಟೇ ಬಂದ್ರೆ ಗೊತ್ತೂ ಆಗಲ್ಲ.

ಹುಳಗಳ ಮೈಯಲ್ಲಿ ಏನಾದ್ರೂ ಬದಲಾವಣೆ ಆಗತ್ತಾ?

ಆಗತ್ತೆ. ರಂಜಕ ಜಾಸ್ತಿ ಇರೋ ಹಳ್ಳದ ಹುಳಗಳ ಮೈಯಲ್ಲೂ ರಂಜಕ ಜಾಸ್ತಿ. ಕೈರೊನೊಮಿಡ್ ಅಂತ ಸೊಳ್ಳೆ ಥರದ ನೊಣ ಇದೆ, ಕಚ್ಚಲ್ಲ, ಅದರ ಮರಿಗಳು ಹಳ್ಳದ ತಳದಲ್ಲಿ ಕೊಳೆತ ಎಲೆ ತಿಂದು ಬದುಕ್ತವೆ. ರಂಜಕ ಇರೋ ಹಳ್ಳದ ಮರಿಗಳಿಗೆ ರಂಜಕ ಕಮ್ಮಿ ಇರೋ ಆಹಾರ ಕೊಟ್ರೆ ಬೆಳವಣಿಗೆ ಕುಂಠಿತ ಆಗತ್ತೆ, ಬಡ ಹಳ್ಳದ ಮರಿಗಳು ಕಮ್ಮಿಯಲ್ಲೇ ಸುಧಾರಿಸ್ಕೊಳ್ತವೆ. ಒಂದೇ ಜಾತಿಯೊಳಗೆ, ನಡೆದು ಹೋಗೋ ದೂರದಲ್ಲಿ, ಹಳ್ಳಕ್ಕೆ ತಕ್ಕ ಹಾಗೆ ಹೊಂದ್ಕೊಂಡಿದಾವೆ ಅಂತ ಗ್ಯಾಸ್ಟನ್ ಸ್ಮಾಲ್ ಮತ್ತೆ ಜೊತೆಗಾರರು ತೋರಿಸಿದ್ರು.

ಒರತೆ ಇಲ್ಲದ ಬಡ ಹಳ್ಳಕ್ಕೆ ರಂಜಕ ತರೋರು ಯಾರು ಹಾಗಾದ್ರೆ?

ಒಂದು ಮೀನು! ಅಸ್ಟಿಯಾನಾಕ್ಸ್ ಅಂತ ಬೆರಳುದ್ದದ ಬೆಳ್ಳಿ ಮೀನು, ಅಲ್ಲಿನವರು ಸಾರ್ದಿನಾ ಅಂತಾರೆ. ಇದು ಮೇಲಿಂದ ನೀರಿಗೆ ಬೀಳೋ ಇರುವೆ, ಹುಳ ಎಲ್ಲ ತಿಂದು ಮೂತ್ರದಲ್ಲಿ ರಂಜಕ ಬಿಡತ್ತೆ. ಅಂದ್ರೆ ಕಾಡಿನ ರಂಜಕವನ್ನ ಹಳ್ಳಕ್ಕೆ ತರೋ ದಲ್ಲಾಳಿ. 2011ರ ಅಧ್ಯಯನದ ಪ್ರಕಾರ ಬಡ ಹಳ್ಳದಲ್ಲಿ ಮೀನುಗಳೆಲ್ಲ ಸೇರಿ ವಾಪಸ್ ಕೊಡೋ ರಂಜಕದಲ್ಲಿ ಸುಮಾರು 90% ಇದೊಂದೇ ಜಾತಿದು, ಮೀನುಗಳ ಲೆಕ್ಕದಲ್ಲಿ ಐದನೇ ಒಂದು ಪಾಲೂ ಇಲ್ಲದಿದ್ರೂ. ಒರತೆ ಹಳ್ಳದಲ್ಲೂ ಇದೇ ಮೀನು ಇದೆ, ಇದೇ ಕೆಲಸ ಮಾಡತ್ತೆ, ಆದ್ರೆ ಅಲ್ಲಿ ನೆಲದಿಂದ ಬರೋ ರಂಜಕದ ಮುಂದೆ ಇದು ಸಮುದ್ರಕ್ಕೆ ಚೊಂಬು ನೀರು ಹುಯ್ದ ಹಾಗೆ.

## ಇನ್ನೂ ಆಳಕ್ಕೆ

ಹಳ್ಳದಲ್ಲಿ ಆಳದ ನೀರು ಎಷ್ಟು, ಮಳೆ ನೀರು ಎಷ್ಟು ಅಂತ ಹೇಗೆ ಬೇರೆ ಮಾಡ್ತಾರೆ? ಬೆರೆತು ಹೋಗಿರತ್ತಲ್ಲ.

ಹಾಲಿಗೆ ಎಷ್ಟು ನೀರು ಬೆರೆಸಿದಾರೆ ಅಂತ ಡೈರಿಯಲ್ಲಿ ಹೇಗೆ ಹೇಳ್ತಾರೋ ಹಾಗೇ. ಇಲ್ಲಿ ಕ್ಲೋರೈಡ್ ನೋಡ್ತಾರೆ. ಕ್ಲೋರೈಡನ್ನ ಗಿಡ ಹೆಚ್ಚು ಹೀರಲ್ಲ, ಮಣ್ಣು ಹಿಡಿಯಲ್ಲ, ಬ್ಯಾಕ್ಟೀರಿಯಾ ತಿನ್ನಲ್ಲ, ಎಷ್ಟು ಬಂತೋ ಅಷ್ಟೇ ಮುಂದೆ ಹೋಗತ್ತೆ, ಅದಕ್ಕೇ ನಂಬಬಹುದು. ಲೆಕ್ಕ ಅರ್ಥ ಆಗ್ಲಿ ಅಂತ ಬರೀ ಉದಾಹರಣೆಯ ಅಂಕಿ ತಗೊಳ್ಳೋಣ. ಮಳೆ ನೀರಿನ ಹಳ್ಳದಲ್ಲಿ ಲೀಟರಿಗೆ 3 ಮಿಲಿಗ್ರಾಂ ಕ್ಲೋರೈಡ್, ಒರತೆಯಲ್ಲಿ 30, ಬೆರೆತ ಹಳ್ಳದಲ್ಲಿ 15 ಅಂತಿಟ್ಕೊಳಿ. 15ರಿಂದ 3 ಕಳೆದ್ರೆ 12, 30ರಿಂದ 3 ಕಳೆದ್ರೆ 27, 12ನ್ನ 27ರಿಂದ ಭಾಗಿಸಿದ್ರೆ ಸುಮಾರು 44%. ಅಷ್ಟು ಪಾಲು ಆಳದ ನೀರು. ಜೆನೆರೂ ಮತ್ತೆ ಪ್ರಿಂಗಲ್ 1997ರಲ್ಲಿ ಲಾ ಸೆಲ್ವಾ ಹಳ್ಳಗಳಿಗೆ ಈ ಬೆರಕೆ ಲೆಕ್ಕ ಮಾಡಿದ್ರು.

ಒರತೆಯಲ್ಲಿ ಬಂದ ರಂಜಕ ಎಲ್ಲಾ ಕೆಳಗೆ ಹರಿದು ಹೋಗತ್ತಾ?

ಇಲ್ಲ, ದಾರಿಯಲ್ಲಿ ಮಣ್ಣು ಸುಂಕ ವಸೂಲಿ ಮಾಡತ್ತೆ. ಹಿಂದಿನ ಪ್ರಶ್ನೆಯ ಉದಾಹರಣೆನೇ ಮುಂದುವರಿಸಿ, ಒರತೆಯಲ್ಲಿ ರಂಜಕ 250, ಮಳೆ ಹಳ್ಳದಲ್ಲಿ 5 ಅಂತ ಇಟ್ರೆ, 44% ಬೆರಕೆಗೆ ಹಳ್ಳದಲ್ಲಿ ಸುಮಾರು 113 ಇರ್ಬೇಕು. ಅಳೆದಾಗ ಅದಕ್ಕಿಂತ ಕಮ್ಮಿ ಬಂತು ಅಂದ್ರೆ ಉಳಿದಿದ್ದು ಎಲ್ಲೋ ಸಿಕ್ಕಿಹಾಕ್ಕೊಂಡಿದೆ. ತಳದ ಕೆಸರು, ಜೇಡಿ ಕಣ, ಕಬ್ಬಿಣದ ತುಕ್ಕಿನ ಪದರ ಇವು ರಂಜಕ ಹಿಡ್ಕೊಳ್ತವೆ, ಸ್ವಲ್ಪವನ್ನ ಜೀವಿಗಳು ತಗೊಳ್ತವೆ. ಕೆಸರಿನ ಒಳಗೆ ಆಮ್ಲಜನಕ ಮುಗಿದು ಉಸಿರುಗಟ್ಟಿದ ಕಡೆ ಕಬ್ಬಿಣ ಕರಗಿ ಹಿಡಿದಿದ್ದ ರಂಜಕ ವಾಪಸ್ ಬಿಡೋದೂ ಉಂಟು. ಅಂದ್ರೆ ಹಳ್ಳದ ತಳ ಒಂಥರ ಗೋಡೌನು, ನೀರಲ್ಲಿ ಜಾಸ್ತಿ ಇದ್ದಾಗ ತುಂಬ್ಕೊಳ್ಳತ್ತೆ, ಕಮ್ಮಿ ಆದಾಗ ಬಿಡತ್ತೆ, ದೊಡ್ಡ ಮಳೆ ಬಂದ್ರೆ ಗೋಡೌನೇ ಕೊಚ್ಚಿ ಹೋಗತ್ತೆ.

ಮಳೆ ಜೋರಾದ್ರೆ ರಂಜಕ ಏರತ್ತಾ ಇಳಿಯತ್ತಾ? ಎಲ್ ನಿನೊ ವರ್ಷದಲ್ಲಿ?

ಒರತೆ ಹಳ್ಳದಲ್ಲಿ ಇಳಿಯತ್ತೆ. ಆಳದ ನೀರು ವರ್ಷಪೂರ್ತಿ ಹೆಚ್ಚೂಕಮ್ಮಿ ಒಂದೇ ಸಮ ಬರತ್ತೆ, ಮಳೆ ಬಂದಾಗ ಅದಕ್ಕೆ ನೀರು ಬೆರೆಸಿದ ಹಾಗೆ ಆಗತ್ತೆ, ತಿಳಿಸಾರಾಗತ್ತೆ. ಬರ ಬಂದ್ರೆ ಉಲ್ಟಾ, ಮಳೆ ನೀರು ಇಳಿದು ಒರತೆಯದ್ದೇ ಕಾರುಬಾರು, ರಂಜಕ ಗಟ್ಟಿಯಾಗತ್ತೆ. ಎಲ್ ನಿನೊ, ಲಾ ನಿನಾ (ಪೆಸಿಫಿಕ್ ಸಮುದ್ರ ಬಿಸಿಯಾಗಿ ಇಲ್ಲಾ ತಣ್ಣಗಾಗಿ ಮಳೆ ಏರುಪೇರಾಗೋ) ವರ್ಷಗಳ ಏರಿಳಿತ ಹಳ್ಳದ ರಂಜಕದಲ್ಲಿ ಕಾಣತ್ತೆ ಅಂತ ಟ್ರಿಸ್ಕಾ ತಂಡ 2006ರಲ್ಲಿ ಬರೆದಿದೆ. ನಮ್ಮ ಕಡೆ ಮೊದಲ ಮಳೆಗೆ ಹೊಲದ ಗೊಬ್ಬರ ಕೊಚ್ಚಿ ಹೊಳೆಯಲ್ಲಿ ಪೋಷಕಾಂಶ ಏರತ್ತೆ, ಅಲ್ಲಿ ಮಳೆಗೆ ಇಳಿಯತ್ತೆ. ಮಳೆ ಬಂದಾಗ ಏರತ್ತಾ ಇಳಿಯತ್ತಾ ಅನ್ನೋದನ್ನ ನೋಡೇ ಮೂಲ ಮೇಲಿಂದೋ ಅಡಿಯಿಂದೋ ಅಂತ ಅರ್ಧ ಊಹಿಸಬಹುದು.

ಒರತೆ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಇದೆ ಅಂದ್ಮೇಲೆ ಅದೇ ಹಳ್ಳ ಹುಳಿಯಾಗ್ಬೇಕಲ್ಲ? ಮಳೆಗಾಲದಲ್ಲಿ ಹುಳಿಯಾಗೋದು ಮಳೆ ನೀರಿನ ಹಳ್ಳ ಅಂತಾರೆ, ಅದ್ಯಾಕೆ?

ತಾಳೆ ಆಗ್ದೆ ಇರೋ ಹಾಗೆ ಕಾಣತ್ತೆ, ಆದ್ರೆ ಆಗತ್ತೆ. ಆಳದ ನೀರು ಬಂಡೆ ಕರಗಿಸಿ ಬರುವಾಗ ಬೈಕಾರ್ಬೊನೇಟ್ ತುಂಬ್ಕೊಂಡು ಬಂದಿರತ್ತೆ, ಅಡುಗೆ ಸೋಡಾ ಹುಳಿಯನ್ನ ಮುರಿಯೋ ಹಾಗೆ ಅದು ಆಮ್ಲವನ್ನ ತಡೀತದೆ. ಹಾಗಾಗಿ ಒರತೆ ಹಳ್ಳದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ವರ್ಷವಿಡೀ ಅಷ್ಟಾಗಿ ಅಲ್ಲಾಡಲ್ಲ. ಮಳೆ ಹಳ್ಳಕ್ಕೆ ಆ ಗುರಾಣಿ ಇಲ್ಲ. ಕಾಡಿನ ಮಣ್ಣಲ್ಲಿ ಬೇರು, ಸೂಕ್ಷ್ಮಜೀವಿ ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಮಳೆಗಾಲದಲ್ಲಿ ನೀರಿನ ಜೊತೆ ಹಳ್ಳಕ್ಕೆ ಬಂದಾಗ ಪಿಎಚ್ ಬಿದ್ದುಹೋಗತ್ತೆ. 1998ರ ಎಲ್ ನಿನೊ ಒಣ ಹವೆ ಆದ ಮೇಲೆ ಬಂದ ಮಳೆಯಲ್ಲಿ ಈ ಕುಸಿತ ಜೋರಾಗಿತ್ತು. ಬರ ಮತ್ತೆ ಮಳೆ ಎರಡೂ ಅತಿಯಾಗ್ತಾ ಹೋದ್ರೆ ಮೊದಲು ಕಷ್ಟಕ್ಕೆ ಸಿಗೋವು ಈ ಗುರಾಣಿ ಇಲ್ಲದ ಹಳ್ಳಗಳೇ.

ರಂಜಕನೇ ಕಾರಣ ಅಂತ ಹೇಗೆ ಗೊತ್ತು? ಒರತೆ ನೀರಲ್ಲಿ ಬೇರೆ ಉಪ್ಪುಗಳೂ ಇವೆಯಲ್ಲ.

ಸರಿಯಾದ ಅನುಮಾನ. ಅದನ್ನ ಬಗೆಹರಿಸೋಕೆ ಕರಾಪಾ ಅನ್ನೋ ಒಂದು ಬಡ ಹಳ್ಳಕ್ಕೆ ಬರೀ ರಂಜಕ ಮಾತ್ರ ಹನಿಹನಿಯಾಗಿ ಬಿಟ್ಟು ನೋಡಿದ್ರು, ಒಂದೆರಡು ತಿಂಗಳಲ್ಲ, ಎಂಟು ವರ್ಷ. ಬೇರೆ ಯಾವ ಉಪ್ಪೂ ಸೇರಿಸದೆ ರಂಜಕ ಒಂದನ್ನೇ ಏರಿಸಿದ್ರೂ ಅಲ್ಲಿನ ಹುಳಗಳ ಮೈಯಲ್ಲಿ ರಂಜಕ ಏರಿತ್ತು, ಸಹಜ ಒರತೆ ಹಳ್ಳಗಳ ಹಾಗೇ. ಒಂದು ಕಡೆ ಪ್ರಕೃತಿಯೇ ಮಾಡಿಟ್ಟ ಪ್ರಯೋಗ, ಇನ್ನೊಂದು ಕಡೆ ಮನುಷ್ಯ ಮಾಡಿದ ಪ್ರಯೋಗ, ಎರಡೂ ಒಂದೇ ಕಾಡಲ್ಲಿ ಇಟ್ಟು ಹೋಲಿಸೋ ಭಾಗ್ಯ ಎಲ್ಲರಿಗೂ ಸಿಗಲ್ಲ.

ಇದಕ್ಕೂ ಹವಾಮಾನಕ್ಕೂ ಏನು ಸಂಬಂಧ? ಕಾರ್ಬನ್ ಲೆಕ್ಕ ಅಂತೆಲ್ಲ ಹೇಳ್ತಾರೆ.

ಒಂದು ಕಾಡು ಎಷ್ಟು ಇಂಗಾಲ ಹಿಡಿಯತ್ತೆ, ಎಷ್ಟು ಬಿಡತ್ತೆ ಅಂತ ಲೆಕ್ಕ ಹಾಕುವಾಗ ಹಳ್ಳದಿಂದ ಗಾಳಿಗೆ ಹೋಗೋ ಕಾರ್ಬನ್ ಡೈಆಕ್ಸೈಡನ್ನೂ ಕಾಡಿನ ಖಾತೆಗೇ ಬರೀತಾರೆ. ಅರ್ಬೊಲೆಡಾದಲ್ಲಿ ಹಾಗೆ ಬರೆದ್ರೆ ಲೆಕ್ಕ ಪೂರ್ತಿ ತಪ್ಪು, ಯಾಕಂದ್ರೆ ಅಲ್ಲಿ ಹಳ್ಳ ಬಿಡೋ ಗ್ಯಾಸಲ್ಲಿ ದೊಡ್ಡ ಪಾಲು ಜ್ವಾಲಾಮುಖಿದು, ಕಾಡಿಂದಲ್ಲ. ಜೆನೆರೂ ತಂಡ 2013ರಲ್ಲಿ ಇದನ್ನೇ ಎತ್ತಿ ತೋರಿಸ್ತು.

ಎಲ್ಲಾ ಜ್ವಾಲಾಮುಖಿ ನೀರಲ್ಲೂ ರಂಜಕ ಇರತ್ತಾ?

ಇಲ್ಲ. ಅದೇ ಕೋಸ್ಟರಿಕಾದಲ್ಲಿ ಪೊವಾಸ್ ಜ್ವಾಲಾಮುಖಿಯಿಂದ ಇಳಿಯೋ ಒಂದು ಹೊಳೆ ಹೆಸರೇ ರಿಯೊ ಆಗ್ರಿಯೊ, ಅಂದ್ರೆ ಹುಳಿ ಹೊಳೆ. ಅಲ್ಲಿ ಗಂಧಕದ ಗ್ಯಾಸು ಸೇರಿ ಕಟು ಆಮ್ಲ ಆಗಿರತ್ತೆ, ಮೀನು ಹುಳಕ್ಕೆ ಬದುಕೋಕೆ ಕಷ್ಟ. ಟೆನೊರಿಯೊ ಜ್ವಾಲಾಮುಖಿ ಹತ್ರ ರಿಯೊ ಸೆಲೆಸ್ತೆ ಆಕಾಶದ ಹಾಗೆ ನೀಲಿ, ಅಲ್ಲಿ ಎರಡು ಹಳ್ಳ ಕೂಡಿದಾಗ ಅಲ್ಯೂಮಿನಿಯಂ, ಸಿಲಿಕಾ ಸೇರಿದ ಸಣ್ಣ ಕಣಗಳು ದಪ್ಪ ಆಗಿ ನೀಲಿ ಬೆಳಕನ್ನ ಚದುರಿಸ್ತವೆ. ಯಾವ ಗ್ಯಾಸು, ಯಾವ ಬಂಡೆ, ಎಷ್ಟು ಹೊತ್ತು ಅನ್ನೋದರ ಮೇಲೆ ನೀರಿನ ಜಾತಕ.

ನಮ್ಮ ಪುತ್ತೂರಿನ ಬೆಂದ್ರು ತೀರ್ಥನೂ ಹೀಗೇನಾ?

ಅದು ಇದಕ್ಕೆ ಸರಿಯಾಗಿ ಉಲ್ಟಾ. ಇರ್ದೆ ಹತ್ರ ಹೊಳೆ ದಂಡೆಯಲ್ಲಿರೋ ಬೆಂದ್ರು ತೀರ್ಥದ ನೀರು ಮುಟ್ಟಿದ್ರೆ ಬೆಚ್ಚಗಿರತ್ತೆ, ತುಳುವಲ್ಲಿ ಬೆಂದ್ರ್ ಅಂದ್ರೇನೆ ಬಿಸಿನೀರು. ಆದ್ರೆ ಅಲ್ಲಿ ಜ್ವಾಲಾಮುಖಿ ಇಲ್ಲ. ಮಳೆ ನೀರು ಬಂಡೆಯ ಬಿರುಕಲ್ಲಿ ತುಂಬಾ ಆಳಕ್ಕೆ ಇಳಿದು, ಭೂಮಿಯ ಸಹಜ ಶಾಖಕ್ಕೆ ಕಾದು ಮೇಲೆ ಬರೋದು. ಲಾ ಸೆಲ್ವಾದ್ದು ಜ್ವಾಲಾಮುಖಿ ನೀರು, ಆದ್ರೆ ತಣ್ಣಗಿದೆ. ಹಾಗಾಗಿ ಲಾ ಸೆಲ್ವಾದ ರಂಜಕದ ಕತೆಯನ್ನ ತಂದು ಬೆಂದ್ರು ತೀರ್ಥಕ್ಕೆ ಅಂಟಿಸ್ಬೇಡಿ.

ಇಂಥ ಹಳ್ಳ ಉಳಿಸ್ಬೇಕು ಅಂದ್ರೆ ಎಲ್ಲಿ ಕಾಡು ಉಳಿಸ್ಬೇಕು? ಹಳ್ಳದ ಸುತ್ತ ಸಾಕಾ?

ಸಾಲಲ್ಲ. ನೀರು ಇಂಗೋದು ಮೇಲೆ, ಬಾರ್ವಾ ಇಳಿಜಾರಲ್ಲಿ. ಅದೃಷ್ಟಕ್ಕೆ ಅಲ್ಲಿ 1978ರಲ್ಲಿ ಬ್ರಾವುಲಿಯೊ ಕರಿಯೊ ರಾಷ್ಟ್ರೀಯ ಉದ್ಯಾನ ಆಯ್ತು, 1986ರಲ್ಲಿ ಅದನ್ನ ಕೆಳಗೆ ಲಾ ಸೆಲ್ವಾ ತನಕ ಚಾಚಿ ಕಾಡಿನ ಒಂದು ಪಟ್ಟಿ ಉಳಿಸಿದ್ರು. ಆ ಪಟ್ಟಿ ಪ್ರಾಣಿ ಪಕ್ಷಿ ಓಡಾಡೋಕೆ ಅಂತ ಎಲ್ಲರೂ ಹೇಳ್ತಾರೆ, ಅದರ ಅಡಿಯಲ್ಲಿ ನೀರೂ ಓಡಾಡ್ತಿದೆ ಅನ್ನೋದನ್ನ ಕಮ್ಮಿ ಜನ ಹೇಳ್ತಾರೆ, ನಂಗೆ ಅದು ಬೇಜಾರು. ಸುತ್ತಲ ಬಯಲಲ್ಲಿ ಬಾಳೆ, ಅನಾನಸ್ ತೋಟಗಳಿವೆ, ಊರು ಬೆಳೀತಿದೆ, ನಾಳೆ ಆ ಆಳದ ನೀರಿಗೇ ದೊಡ್ಡ ದೊಡ್ಡ ಬೋರ್ ಇಳಿಸಿದ್ರೆ ಕೋಲಾರದವರಿಗೆ ಮುಂದಿನದು ಹೇಳ್ಬೇಕಾಗಿಲ್ಲ. ಹಳ್ಳ ತಕ್ಷಣ ಬತ್ತಲ್ಲ, ಮಳೆ ನೀರು ಹರೀತಾನೇ ಇರತ್ತೆ, ನೋಡೋಕೆ ಎಲ್ಲಾ ಸರಿಯಾಗೇ ಕಾಣತ್ತೆ. ಆದ್ರೆ ಒರತೆ ಸೊರಗತ್ತೆ, ಮೊದಲು ಕ್ಲೋರೈಡ್ ಇಳಿಯತ್ತೆ, ಆಮೇಲೆ ರಂಜಕ, ಆಮೇಲೆ ಬೈಕಾರ್ಬೊನೇಟಿನ ಗುರಾಣಿ. ತಿಂಗಳಿಗೊಂದ್ಸಲ ಮೀಟರ್ ಅದ್ದಿ ಬರ್ಕೊಂಡಿದ್ದ ಅಂಕಿ ಇದ್ರೆ ಮಾತ್ರ ಅದು ಗೊತ್ತಾಗೋದು.